ಫೋಕ್‌ವೇಸ್: ಒಂದು ರೆಕಾರ್ಡನ್ನೂ ಪಟ್ಟಿಯಿಂದ ತೆಗೆಯದ ಪುಟ್ಟ ಕಂಪನಿ

ಪ್ರಶ್ನೆ: ನಮ್ಮ ದೊಡ್ಡಪ್ಪ 70ರ ದಶಕದಲ್ಲಿ ಅಮೆರಿಕದಲ್ಲಿ ಓದಿ ಬಂದವರು. ಈಚೆಗೆ ಅವರ ಮನೆ ಖಾಲಿ ಮಾಡುವಾಗ ನಾಲ್ಕು ಎಲ್‌ಪಿ ರೆಕಾರ್ಡುಗಳು ಸಿಕ್ಕವು. ನಾಲ್ಕಕ್ಕೂ ದಪ್ಪ ಕಪ್ಪು ರಟ್ಟಿನ ಹೊದಿಕೆ. ನಾಲ್ಕರ ಮೇಲೂ ‘ಫೋಕ್‌ವೇಸ್’ ಎಂಬ ಹೆಸರು. ಒಂದರಲ್ಲಿ ಎಲಿಜಬೆತ್ ಕಾಟನ್ ಎನ್ನುವವರ ಗಿಟಾರ್ ಮತ್ತು ಹಾಡು. ಇನ್ನೊಂದು ಅಮೆರಿಕದ ಹಳೇ ಜನಪದ ಹಾಡುಗಳ ಸಂಕಲನ. ಮೂರನೆಯದು ಎಲಾ ಜೆಂಕಿನ್ಸ್ ಅವರ ಮಕ್ಕಳ ಹಾಡು. ನಾಲ್ಕನೆಯದರಲ್ಲಿ ಬರೀ ಕಪ್ಪೆಗಳ ಕೂಗು! ಇದು ಎಂಥ ಕಂಪನಿ ಸಾರ್? ಏನೇನು ಹೊರಗೆ ತಂದಿತ್ತು? ಈಗಲೂ ಇದೆಯಾ? ಇವನ್ನು ಇಟ್ಟುಕೊಳ್ಳಬೇಕಾ, ಕೊಟ್ಟುಬಿಡಬೇಕಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ರೆಕಾರ್ಡು ಹೊರಗೆ ತೆಗೆದ ಮೇಲೆ ಆ ಹೊದಿಕೆಯೊಳಗೆ ಮತ್ತೊಮ್ಮೆ ಕೈ ಹಾಕಿ ನೋಡಿ. ನಡುವೆ ಒಂದು ರಟ್ಟಿನ ಅಡ್ಡತಡೆ ಇರುತ್ತದೆ. ಒಂದು ಕಡೆ ರೆಕಾರ್ಡು. ಇನ್ನೊಂದು ಕಡೆ ಒಂದು ಪುಸ್ತಿಕೆ. ಟೈಪ್ ಮಾಡಿ ಅಚ್ಚು ಹಾಕಿದ, ಪಿನ್ ಹೊಡೆದ ಕೆಲವೇ ಹಾಳೆ. ಹಾಡಿನ ಸಾಹಿತ್ಯ, ಹಾಡಿದವರು ಯಾರು, ಎಲ್ಲಿಯವರು, ಎಲ್ಲಿ ಕೂತು ಹಾಡಿದರು, ಈ ಹಾಡು ಅವರಿಗೆ ಯಾರಿಂದ ಬಂತು, ಎಲ್ಲ ಅದರಲ್ಲಿರುತ್ತದೆ. ಹಳೇ ರೆಕಾರ್ಡು ಕೈ ಬದಲಾಯಿಸುವಾಗ ಮೊದಲು ಕಳೆದುಹೋಗುವುದು ಇದೇ. ನಿಮ್ಮ ನಾಲ್ಕರಲ್ಲೂ ಪುಸ್ತಿಕೆ ಇದ್ದರೆ ನಿಮ್ಮ ದೊಡ್ಡಪ್ಪ ಇವನ್ನು ಎಷ್ಟು ಜೋಪಾನ ಮಾಡಿದ್ದರು ಅಂತ ಗೊತ್ತಾಗುತ್ತದೆ.

ಫೋಕ್‌ವೇಸ್ ನ್ಯೂಯಾರ್ಕಿನ ಒಂದು ಪುಟ್ಟ ರೆಕಾರ್ಡ್ ಕಂಪನಿ. 1948ರಲ್ಲಿ ಶುರುವಾಯಿತು. ನಡೆಸಿದವರು ಮೋಸೆಸ್ ಆಶ್. 1986ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಪಟ್ಟಿಯಲ್ಲಿ 2,168 ಆಲ್ಬಮ್‌ಗಳಿದ್ದವು. 38 ವರ್ಷಕ್ಕೆ 2,168 ಅಂದರೆ ಸರಾಸರಿ ವಾರಕ್ಕೆ ಒಂದಕ್ಕಿಂತ ಜಾಸ್ತಿ. ಅದೂ ಕೈಬೆರಳೆಣಿಕೆಯಷ್ಟು ಜನ ಕೆಲಸ ಮಾಡುತ್ತಿದ್ದ ಆಫೀಸಿನಿಂದ.

ಆದರೆ ಈ ಕಂಪನಿಯ ಹೆಚ್ಚುಗಾರಿಕೆ ಆ ಸಂಖ್ಯೆಯಲ್ಲ. ಒಮ್ಮೆ ಪಟ್ಟಿಗೆ ಸೇರಿದ ಆಲ್ಬಮನ್ನು ಆಶ್ ತೆಗೆಯುತ್ತಿರಲಿಲ್ಲ. ವರ್ಷಕ್ಕೆ ನಾಲ್ಕೇ ಪ್ರತಿ ಹೋದರೂ ಅದು ಪಟ್ಟಿಯಲ್ಲಿರಲೇಬೇಕು, ಕೇಳಿದವರಿಗೆ ಸಿಗಲೇಬೇಕು. ದೊಡ್ಡ ಕಂಪನಿಗಳು ಓಡದ ಮಾಲನ್ನು ಒಂದೆರಡು ವರ್ಷದಲ್ಲೇ ಕೈಬಿಡುತ್ತಿದ್ದ ಕಾಲ ಅದು. ಯಾಕೆ ಹೀಗೆ ಅಂತ ಕೇಳಿದವರಿಗೆ ಆಶ್ ಇಂಗ್ಲಿಷ್ ವರ್ಣಮಾಲೆಯನ್ನು ತೋರಿಸುತ್ತಿದ್ದರು. ಒಂದು ಅಕ್ಷರದ ಬಳಕೆ ಕಡಿಮೆ ಅಂತ ಅದನ್ನು ಕಿತ್ತು ಹಾಕುತ್ತೀರಾ ಅನ್ನುವುದು ಅವರ ವಾದ. ನಮಗೆ ಇದು ಇನ್ನೂ ಬೇಗ ಅರ್ಥವಾಗುತ್ತದೆ. ಙ, ಞ ಅಕ್ಷರಗಳನ್ನು ನಾವು ದಿನಕ್ಕೆ ಎಷ್ಟು ಸಲ ಬರೆಯುತ್ತೇವೆ? ಆದರೂ ಒಂದನೇ ಕ್ಲಾಸಿನ ಮಗುವಿಗೆ ಕಲಿಸುತ್ತೇವೆ, ಅಲ್ವಾ? ಕಪ್ಪೆಗಳ ರೆಕಾರ್ಡು ಆಶ್ ಅವರ ಪಟ್ಟಿಯ ಙ ಇದ್ದ ಹಾಗೆ.

ಆಶ್ ಹುಟ್ಟಿದ್ದು 1905ರಲ್ಲಿ, ಪೋಲೆಂಡಿನ ವಾರ್ಸಾದಲ್ಲಿ. ಯಹೂದಿ ಮನೆತನ. ತಂದೆ ಶೋಲೆಮ್ ಆಶ್ ಯಿಡ್ಡಿಶ್ ಭಾಷೆಯ ಹೆಸರಾಂತ ಕಾದಂಬರಿಕಾರ. ಮಗ ಹಿಡಿದದ್ದು ರೇಡಿಯೊ ರಿಪೇರಿಯ ದಾರಿ. ಜರ್ಮನಿಯಲ್ಲಿ ರೇಡಿಯೊ ವಿದ್ಯೆ ಕಲಿತು, ನ್ಯೂಯಾರ್ಕಿನಲ್ಲಿ ಅಂಗಡಿ ಇಟ್ಟರು. ಅಲ್ಲಿನ ಯಿಡ್ಡಿಶ್ ರೇಡಿಯೊ ಕೇಂದ್ರವೊಂದಕ್ಕೆ ಯಂತ್ರ ಜೋಡಿಸಿಕೊಟ್ಟರು. ಆ ಕೇಂದ್ರಕ್ಕೆ ಹಾಡಿನ ರೆಕಾರ್ಡು ಬೇಕಿತ್ತು, ಸಿಗುತ್ತಿರಲಿಲ್ಲ. ಹಾಗಾದರೆ ನಾನೇ ಮಾಡುತ್ತೇನೆ ಅಂತ ಹೊರಟರು. ಇನ್ನೊಂದು ಪ್ರಸಂಗವನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಒಮ್ಮೆ ತಂದೆಯ ಜೊತೆ ಪ್ರಿನ್ಸ್‌ಟನ್‌ಗೆ ಹೋಗಿ ಐನ್‌ಸ್ಟೀನ್ ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡರಂತೆ. ನಿನಗೆ ಏನು ಮಾಡುವ ಆಸೆ ಅಂತ ಐನ್‌ಸ್ಟೀನ್ ಕೇಳಿದರಂತೆ. ಪ್ರಪಂಚದ ಸದ್ದನ್ನೆಲ್ಲ ಹಿಡಿದಿಡುವ ಆಸೆ ಅಂದರೆ, ಒಳ್ಳೆಯದು, ಮಾಡು ಅಂದರಂತೆ.

ಮೊದಲ ಕಂಪನಿಗೆ ತಮ್ಮದೇ ಹೆಸರಿಟ್ಟರು, ಆಶ್ ರೆಕಾರ್ಡ್ಸ್. ಸ್ಟುಡಿಯೊ ಅಂದರೆ ಆಫೀಸಿಗೆ ಅಂಟಿಕೊಂಡ ಒಂದು ಸಣ್ಣ ಕೋಣೆ. ಅಲ್ಲಿಗೆ ಯಾರು ಬೇಕಾದರೂ ಬರಬಹುದಿತ್ತು. 1941ರಲ್ಲಿ ಲೆಡ್ ಬೆಲ್ಲಿ ಬಂದರು. ಹನ್ನೆರಡು ತಂತಿಯ ಗಿಟಾರ್ ಹಿಡಿದ, ಜೈಲು ಕಂಡು ಬಂದ ಕಪ್ಪು ಗಾಯಕ. ಅವರಿಂದ ಆಶ್ ಹಾಡಿಸಿದ್ದು ಮಕ್ಕಳ ಆಟದ ಹಾಡು! ಜೈಲಿಗೆ ಹೋದವನ ಕೈಲಿ ಮಕ್ಕಳ ಹಾಡು ಹಾಡಿಸುವುದಾ ಅಂತ ಪತ್ರಿಕೆಯಲ್ಲಿ ಟೀಕೆ ಬಂತು. ಆ ಗಲಾಟೆಯಿಂದ ಪುಟ್ಟ ಕಂಪನಿಯ ಹೆಸರು ನಾಲ್ಕು ಜನಕ್ಕೆ ತಿಳಿಯಿತು. 1944ರಲ್ಲಿ ಜನಪದ ಗಾಯಕ ವುಡಿ ಗತ್ರಿ ಬಂದರು. ಹಡಗಿನ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ, ಏಪ್ರಿಲ್ ತಿಂಗಳ ಕೆಲವೇ ದಿನಗಳಲ್ಲಿ ಸುಮಾರು 150 ಹಾಡು ಹಾಡಿ ಹೋದರು. ಇವತ್ತು ಅಮೆರಿಕದ ಶಾಲೆಗಳಲ್ಲೆಲ್ಲ ಹಾಡುವ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಮೊದಲ ಸಲ ರೆಕಾರ್ಡ್ ಆದದ್ದು ಅಲ್ಲೇ.

ಆಮೇಲೆ ಡಿಸ್ಕ್ ರೆಕಾರ್ಡ್ಸ್ ಅಂತ ಇನ್ನೊಂದು ಕಂಪನಿ ಮಾಡಿದರು. ಅಲ್ಲಿ ಎಡವಿದರು. ದೊಡ್ಡವರ ಹಾಗೆ ಜಾಸ್ತಿ ದುಡ್ಡು ಹಾಕಿ, ಜನಪ್ರಿಯ ಜಾಝ್ ಕಲಾವಿದರನ್ನು ನಂಬಿ ವ್ಯಾಪಾರಕ್ಕಿಳಿದರು. ನ್ಯಾಟ್ ಕಿಂಗ್ ಕೋಲ್ ಅವರ ಕ್ರಿಸ್‌ಮಸ್ ರೆಕಾರ್ಡು ಹಿಮಪಾತಕ್ಕೆ ಸಿಕ್ಕಿ ಹಬ್ಬ ಮುಗಿದ ಮೇಲೆ ಅಂಗಡಿಗೆ ತಲುಪಿತು ಎನ್ನುವುದು ಆ ದಿನಗಳ ಬಗ್ಗೆ ಪದೇಪದೇ ಹೇಳುವ ಕಥೆ. ಕ್ರಿಸ್‌ಮಸ್ ಮುಗಿದ ಮೇಲೆ ಕ್ರಿಸ್‌ಮಸ್ ಹಾಡನ್ನು ಯಾರು ಕೊಳ್ಳುತ್ತಾರೆ? ಕಂಪನಿ ಸಾಲದಲ್ಲಿ ಮುಳುಗಿ ದಿವಾಳಿಯಾಯಿತು.

ಇಲ್ಲಿ ಮೇರಿಯನ್ ಡಿಸ್ಟ್ಲರ್ ಅವರ ಹೆಸರು ಹೇಳಲೇಬೇಕು. ಆಶ್ ಅವರ ಆಫೀಸಿನಲ್ಲಿ ಮೊದಲಿಂದ ಜೊತೆಗಿದ್ದವರು. ದಿವಾಳಿಯಾದ ಮನುಷ್ಯ ತನ್ನ ಹೆಸರಲ್ಲಿ ಮತ್ತೆ ಕಂಪನಿ ತೆರೆಯುವುದು ಕಷ್ಟವಿತ್ತು. ಹಾಗಾಗಿ 1948ರ ಮೇ ತಿಂಗಳಲ್ಲಿ ಫೋಕ್‌ವೇಸ್ ಶುರುವಾದದ್ದು ಡಿಸ್ಟ್ಲರ್ ಅವರ ಹೆಸರಲ್ಲಿ. ಕಾಗದದ ಮೇಲೆ ಆಶ್ ಬರೀ ಸಲಹೆಗಾರ. 1964ರಲ್ಲಿ ತೀರಿಕೊಳ್ಳುವ ತನಕ ಡಿಸ್ಟ್ಲರ್ ಇಲ್ಲಿಯೇ ದುಡಿದರು. ಫೋಕ್‌ವೇಸ್ ಬಗ್ಗೆ ಬರೆಯುವವರು ಅವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅವರಿಲ್ಲದಿದ್ದರೆ ಫೋಕ್‌ವೇಸ್ ಶುರುವೇ ಆಗುತ್ತಿರಲಿಲ್ಲ.

ದಿವಾಳಿಯಿಂದ ಆಶ್ ಒಂದು ಪಾಠ ಕಲಿತರು. ಹಿಟ್ ಹಿಂದೆ ಹೋಗಬಾರದು. ಲಕ್ಷ ಪ್ರತಿ ಹೋಗುವ ಒಂದು ರೆಕಾರ್ಡಿಗಿಂತ, ನೂರಿನ್ನೂರು ಪ್ರತಿ ಹೋಗುವ ಸಾವಿರ ರೆಕಾರ್ಡು ಮೇಲು. ಒಂದು ಸಲಕ್ಕೆ ಕೆಲವೇ ನೂರು ಪ್ರತಿ ಒತ್ತಿಸುತ್ತಿದ್ದರು. ಮುಗಿದರೆ ಮತ್ತಷ್ಟು. ಗಿರಾಕಿಗಳೂ ಬೇರೆ. ಪಾಪ್ ಹಾಡಿನ ಅಂಗಡಿಗಿಂತ ಜಾಸ್ತಿ ಕೊಳ್ಳುತ್ತಿದ್ದವರು ಲೈಬ್ರರಿಗಳು, ಶಾಲೆಗಳು, ಕಾಲೇಜುಗಳು. ಅವರಿಗೆ ಬೆಲೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ, ಪುಸ್ತಿಕೆ ಬೇಕಿತ್ತು. ನೀವು ನೋಡುತ್ತಿರುವ ಆ ಹೊದಿಕೆಯೂ ಈ ಲೆಕ್ಕದ್ದೇ. ಬಣ್ಣದಲ್ಲಿ ಅಚ್ಚಾದ ದುಬಾರಿ ಹೊದಿಕೆ ಅಲ್ಲ ಅದು. ಎಲ್ಲ ರೆಕಾರ್ಡಿಗೂ ಒಂದೇ ಥರದ ತರಿತರಿ ಕಪ್ಪು ರಟ್ಟು. ಅದರ ಮುಂಭಾಗಕ್ಕೆ ಒಂದು ಕಾಗದ ಅಂಟಿಸಿ, ಅಂಚನ್ನು ಹಿಂದಕ್ಕೆ ಮಡಚಿರುತ್ತಾರೆ. ಬೆರಳಾಡಿಸಿದರೆ ಆ ಅಂಚು ಕೈಗೆ ಸಿಗುತ್ತದೆ. ಒಂದೋ ಎರಡೋ ಬಣ್ಣದ ಅಚ್ಚು, ಅಷ್ಟೇ. ಆದರೆ ಆ ಮಿತಿಯಲ್ಲೇ ರೊನಾಲ್ಡ್ ಕ್ಲೈನ್ ಎಂಬ ವಿನ್ಯಾಸಕಾರರು ಐನೂರಕ್ಕೂ ಜಾಸ್ತಿ ಹೊದಿಕೆ ಮಾಡಿದರು. ಇವತ್ತಿಗೂ ಅವು ಕಣ್ಣಿಗೆ ತಂಪು.

ಈಗ ನಿಮ್ಮ ಸಂಕಲನಕ್ಕೆ ಬರೋಣ. ನನ್ನ ಪ್ರಕಾರ ಈ ಕಂಪನಿಯ ಪಟ್ಟಿಯಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಹೆಸರು ‘ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್’. 1952ರಲ್ಲಿ ಮೂರು ಸಂಪುಟವಾಗಿ ಬಂತು. ಒಂದೊಂದರಲ್ಲಿ ಎರಡೆರಡು ಎಲ್‌ಪಿ, ಒಟ್ಟು 84 ಹಾಡು. ಕಥನಗೀತೆಗಳ ಸಂಪುಟದ ನಂಬರು 2951, ಕುಣಿತ ಮತ್ತು ದೇವರ ಹಾಡಿನದು 2952, ಉಳಿದ ಹಾಡುಗಳದು 2953. ಹೊದಿಕೆಯ ಮೇಲೆ ನಂಬರು ನೋಡಿದರೆ ನಿಮ್ಮ ಹತ್ತಿರ ಯಾವುದಿದೆ ಗೊತ್ತಾಗುತ್ತದೆ. ಎರಡು ಎಲ್‌ಪಿ ಇರಬೇಕು, ಒಂದೇ ಇದ್ದರೆ ಕಪಾಟಿನಲ್ಲಿ ಇನ್ನೊಮ್ಮೆ ಹುಡುಕಿ. ಮೊದಲ ಮುದ್ರಣಗಳಲ್ಲಿ ಒಂದೇ ತಂತಿಯ ವಾದ್ಯವನ್ನು ಆಕಾಶದಿಂದ ಒಂದು ಕೈ ಶ್ರುತಿ ಮಾಡುವ ಹಳೇ ಕೆತ್ತನೆ ಚಿತ್ರ ಇತ್ತು. 60ರ ದಶಕದಲ್ಲಿ ಅದನ್ನು ಬದಲಿಸಿ ಬಡ ರೈತನ ಫೋಟೊ ಹಾಕಿದರು. ನಿಮ್ಮ ದೊಡ್ಡಪ್ಪ 70ರ ದಶಕದಲ್ಲಿ ಹೊಸದಾಗಿ ಕೊಂಡಿದ್ದರೆ ರೈತನ ಮುಖ ಇರುವ ಸಾಧ್ಯತೆ ಜಾಸ್ತಿ.

ಇದನ್ನು ಕಟ್ಟಿದವರು ಹ್ಯಾರಿ ಸ್ಮಿತ್. ಚಿತ್ರ ಬರೆಯುತ್ತಿದ್ದರು, ಸಿನಿಮಾ ಮಾಡುತ್ತಿದ್ದರು, ಕಂಡದ್ದನ್ನೆಲ್ಲ ಕೂಡಿಡುತ್ತಿದ್ದರು. ಹರೆಯದಲ್ಲೇ ಗ್ರಾಮಫೋನ್ ಪ್ಲೇಟುಗಳ ಹುಚ್ಚು ಹತ್ತಿತು. ಅದು ಎರಡನೇ ಮಹಾಯುದ್ಧದ ಕಾಲ. ಇಲ್ಲಿ ನಮ್ಮ ದೇಶಕ್ಕೂ ಒಂದು ನಂಟಿದೆ. ಆ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟುಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ಮಹಾಭಾರತದ ಅರಗಿನ ಮನೆ ನೆನಪಿದೆಯಲ್ಲ, ಅದೇ ಅರಗು. ಮರದ ಮೇಲಿನ ಹುಳ ಸುರಿಸುವ ಅಂಟು. ಪ್ರಪಂಚಕ್ಕೆ ಅದು ಹೋಗುತ್ತಿದ್ದದ್ದು ಬಹುಪಾಲು ಭಾರತದಿಂದ. ಯುದ್ಧ ಬಂದಾಗ ಹಡಗು ಸಂಚಾರ ಕಷ್ಟವಾಯಿತು, ಅಮೆರಿಕದಲ್ಲಿ ಅರಗಿಗೆ ಬರ ಬಂತು. 1942ರಲ್ಲಿ ಸರ್ಕಾರವೇ ಅದರ ಬಳಕೆಗೆ ಮಿತಿ ಹಾಕಿತು. ಹಳೇ ಪ್ಲೇಟುಗಳನ್ನು ಗುಜರಿಗೆ ತೆಗೆದುಕೊಂಡು ಪುಡಿ ಮಾಡಿ ಹೊಸ ಪ್ಲೇಟು ಮಾಡತೊಡಗಿದರು. 1920ರ ದಶಕದ ಹಳ್ಳಿ ಹಾಡುಗಾರರ ದನಿ ಹೀಗೆ ರಾಶಿರಾಶಿಯಾಗಿ ಪುಡಿಯಾಗುತ್ತಿತ್ತು. ಸ್ಮಿತ್ ಆ ರಾಶಿಗಳಿಂದ ಪ್ಲೇಟು ಆರಿಸಿ ತೆಗೆದರು.

ಕೆಲವು ವರ್ಷದ ನಂತರ ದುಡ್ಡಿನ ತಾಪತ್ರಯ. ಪ್ಲೇಟುಗಳನ್ನು ಮಾರಲು ಆಶ್ ಹತ್ತಿರ ಬಂದರು. ಆಶ್ ಬೇರೆಯೇ ಕೆಲಸ ಹಚ್ಚಿದರು. ಇದರಿಂದ ಒಂದು ಸಂಕಲನ ಮಾಡಿಕೊಡಿ ಅಂತ ಕೂರಲು ಜಾಗ, ಟೈಪ್‌ರೈಟರ್ ಕೊಟ್ಟರು. ಸ್ಮಿತ್ 1926ರಿಂದ 1933ರ ನಡುವಿನ ಪ್ಲೇಟುಗಳಿಂದ 84 ಹಾಡು ಆರಿಸಿದರು. ಜೊತೆಗಿನ ಪುಸ್ತಿಕೆಯನ್ನೂ ಅವರೇ ಬರೆದರು. ಒಂದೊಂದು ಕಥನಗೀತೆಯ ಸಾರವನ್ನು ಪತ್ರಿಕೆಯ ತಲೆಬರಹದ ಹಾಗೆ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಹಾಡಿದವರು ಕಪ್ಪು ಜನವೋ ಬಿಳಿ ಜನವೋ ಎಂದು ಎಲ್ಲಿಯೂ ಬರೆಯಲಿಲ್ಲ. ಬೇಕೆಂತಲೇ ಬಿಟ್ಟರು. ಕಪ್ಪು ಗಾಯಕರ ಪ್ಲೇಟಿಗೆ ಬೇರೆ ಪಟ್ಟಿ, ಬಿಳಿಯರಿಗೆ ಬೇರೆ ಪಟ್ಟಿ ಅಂತ ಕಂಪನಿಗಳು ಮಾರಿದ್ದ ಹಾಡುಗಳು ಅವು. ಸ್ಮಿತ್ ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಮಿಸಿಸಿಪ್ಪಿ ಜಾನ್ ಹರ್ಟ್ ಎಂಬ ಕಪ್ಪು ಗಾಯಕರನ್ನು ಎಷ್ಟೋ ಜನ ವರ್ಷಗಟ್ಟಲೆ ಬೆಟ್ಟದ ಕಡೆಯ ಬಿಳಿಯ ಅಂದುಕೊಂಡಿದ್ದರು.

ಈ ಹರ್ಟ್ ಅವರ ಕಥೆ ಕೇಳಿ. 1928ರಲ್ಲಿ ಕೆಲವು ಹಾಡು ರೆಕಾರ್ಡ್ ಮಾಡಿಸಿ ಊರಿಗೆ ಮರಳಿದವರು. ಆಮೇಲೆ ಅವರ ಸುದ್ದಿಯೇ ಇಲ್ಲ. ಸಂಕಲನದಲ್ಲಿ ಅವರ ಎರಡು ಹಾಡು ಕೇಳಿದ ಹೊಸ ಪೀಳಿಗೆಯವರು ಇವರು ಬದುಕಿದ್ದಾರಾ ಅಂತ ಹುಡುಕತೊಡಗಿದರು. ಅವರದೇ ಇನ್ನೊಂದು ಹಳೇ ಹಾಡಿನಲ್ಲಿ ಏವಲಾನ್ ನನ್ನ ಊರು ಎಂಬ ಮಾತಿತ್ತು. ಅದನ್ನೇ ಹಿಡಿದು 1963ರಲ್ಲಿ ಸಂಗೀತಪ್ರೇಮಿಯೊಬ್ಬರು ಮಿಸಿಸಿಪ್ಪಿಯ ಆ ಪುಟ್ಟ ಊರಿಗೆ ಹೋದರು. ಹರ್ಟ್ ಅಲ್ಲೇ ಕೂಲಿ ಮಾಡಿಕೊಂಡು ಇದ್ದರು! ವಯಸ್ಸು ಎಪ್ಪತ್ತರ ಹತ್ತಿರ. ಕೈಯಲ್ಲಿ ಗಿಟಾರ್ ಇರಲಿಲ್ಲ, ಆದರೆ ಬೆರಳು ಮರೆತಿರಲಿಲ್ಲ. ಅದೇ ವರ್ಷ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಹಾಡಿದರು. 1966ರಲ್ಲಿ ತೀರಿಕೊಂಡರು. ಮೂರು ವರ್ಷವಾದರೂ ಆ ಮನುಷ್ಯನಿಗೆ ಸಲ್ಲಬೇಕಾದ ಚಪ್ಪಾಳೆ ಸಿಕ್ಕಿತಲ್ಲ ಅಂತ ನನಗೆ ಪ್ರತಿ ಸಲ ಸಮಾಧಾನವಾಗುತ್ತದೆ.

ಒಂದು ವಿಷಯ ಮುಚ್ಚಿಡಬಾರದು. ಆ 84 ಹಾಡು ಬೇರೆ ಕಂಪನಿಗಳ ಸ್ವತ್ತು. ಆಶ್ ಅನುಮತಿ ಪಡೆದಿರಲಿಲ್ಲ. ವುಡಿ ಗತ್ರಿ ಅವರ ಧೂಳಿನ ಬಿರುಗಾಳಿಯ ಹಾಡುಗಳ ಆಲ್ಬಮ್ ಕೂಡ ಹೀಗೇ. ಮೊದಲು ಹೊರತಂದ ದೊಡ್ಡ ಕಂಪನಿ ಅದನ್ನು ಕೈಬಿಟ್ಟಿತ್ತು. ಫೋಕ್‌ವೇಸ್ ಮತ್ತೆ ಅಚ್ಚು ಹಾಕಿತು. ನೀವು ಜನರಿಗೆ ಸಿಗದ ಹಾಗೆ ಮುಚ್ಚಿಟ್ಟ ಮೇಲೆ ನಿಮ್ಮ ಹಕ್ಕು ಎಲ್ಲಿಯದು ಎನ್ನುವುದು ಆಶ್ ಅವರ ನಿಲುವು. ಕಾನೂನು ಇದನ್ನು ಒಪ್ಪುವುದಿಲ್ಲ. ಆದರೆ ಪುಡಿಯಾಗಲಿದ್ದ ದನಿಗಳು ಉಳಿದದ್ದು ಆ ಹಟದಿಂದಲೇ. 1997ರಲ್ಲಿ ಸಂಕಲನ ಸಿಡಿಯಾಗಿ ಸರಿಯಾದ ಅನುಮತಿಯೊಂದಿಗೆ ಬಂತು, ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು.

ಎಲಿಜಬೆತ್ ಕಾಟನ್ ಅವರ ರೆಕಾರ್ಡು 1958ರದು. ನಾಲ್ಕರಲ್ಲಿ ನನಗೆ ತುಂಬ ಹತ್ತಿರದ್ದು ಇದು. ಕಾಟನ್ ಉತ್ತರ ಕೆರೊಲಿನಾದವರು, ಕಪ್ಪು ಹೆಣ್ಣುಮಗಳು. ಚಿಕ್ಕ ವಯಸ್ಸಿನಲ್ಲೇ ಮನೆಗೆಲಸಕ್ಕೆ ಹೋಗಿ, ಕೂಡಿಟ್ಟ ಕಾಸಿನಲ್ಲಿ 3 ಡಾಲರ್ 75 ಸೆಂಟಿಗೆ ಗಿಟಾರ್ ಕೊಂಡರು. ಎಡಗೈಯವರು. ತಂತಿ ಬದಲಿಸದೆ ಗಿಟಾರನ್ನೇ ತಿರುಗಿಸಿ ಹಿಡಿದರು. ಹಾಗಾಗಿ ಬೇರೆಯವರು ಹೆಬ್ಬೆರಳಲ್ಲಿ ಮೀಟುವ ದಪ್ಪ ತಂತಿಯನ್ನು ಇವರು ಬೆರಳಲ್ಲಿ ಮೀಟುತ್ತಾರೆ, ಬೆರಳಲ್ಲಿ ಮೀಟುವ ರಾಗದ ತಂತಿಯನ್ನು ಹೆಬ್ಬೆರಳಲ್ಲಿ. ಕೇಳುವಾಗ ಗಮನಿಸಿ, ಕೆಳಗಿನ ದಪ್ಪ ಸ್ವರಗಳು ಗಡಿಯಾರದ ಹಾಗೆ ನಡೆಯುತ್ತಿರುತ್ತವೆ, ಅದರ ಮೇಲೆ ಹಾಡಿನ ರಾಗ ಸರಾಗ ತೇಲುತ್ತದೆ. ‘ಫ್ರೇಟ್ ಟ್ರೇನ್’ ಎಂಬ ಹಾಡನ್ನು ಅವರು ಕಟ್ಟಿದ್ದು ಇನ್ನೂ ಹುಡುಗಿಯಾಗಿದ್ದಾಗ, ಮನೆ ಹತ್ತಿರ ಹೋಗುತ್ತಿದ್ದ ಗೂಡ್ಸ್ ರೈಲು ನೋಡಿ.

ಮದುವೆ, ಮಗು, ಚರ್ಚಿನವರ ಬುದ್ಧಿಮಾತು. ಗಿಟಾರ್ ಬಿಟ್ಟರು. ಹತ್ತಾರು ವರ್ಷ ಮುಟ್ಟಲಿಲ್ಲ. ಮುಂದೆ ವಾಷಿಂಗ್ಟನ್‌ನ ಬಟ್ಟೆಬರೆಯ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ದಾರಿ ತಪ್ಪಿ ಅಳುತ್ತಿದ್ದ ಒಂದು ಮಗುವನ್ನು ತಾಯಿಗೆ ಒಪ್ಪಿಸಿದರು. ಆ ಮಗು ಪೆಗ್ಗಿ ಸೀಗರ್. ಸೀಗರ್ ಅವರದು ಸಂಗೀತದ ಮನೆತನ. ಆ ತಾಯಿ ಕಾಟನ್ ಅವರನ್ನು ಮನೆಗೆಲಸಕ್ಕೆ ಕರೆದರು. ಆ ಮನೆಯಲ್ಲಿ ಗೋಡೆಗೆ ಗಿಟಾರ್ ನೇತು ಹಾಕಿತ್ತು. ಒಂದು ದಿನ ಕಾಟನ್ ಅದನ್ನು ತೆಗೆದು ನುಡಿಸಿದರು, ಮಕ್ಕಳ ಕಿವಿಗೆ ಬಿತ್ತು. ಮುಂದೆ ಆ ಮನೆಯ ಮಗ ಮೈಕ್ ಸೀಗರ್ ಟೇಪ್ ರೆಕಾರ್ಡರ್ ಹೊತ್ತು ಕಾಟನ್ ಅವರ ಮನೆಗೇ ಹೋಗಿ ಈ ಆಲ್ಬಮ್ ರೆಕಾರ್ಡ್ ಮಾಡಿದರು. ಆಗ ಅವರಿಗೆ ಅರವತ್ತು ದಾಟಿತ್ತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ‘ಫ್ರೇಟ್ ಟ್ರೇನ್’ ಬೇರೆಯವರ ಹೆಸರಲ್ಲಿ ಹಿಟ್ ಆಗಿತ್ತು. ಹಾಡು ಯಾರದು ಎಂಬ ತಕರಾರು ಬಗೆಹರಿದು ಅವರಿಗೆ ಹೆಸರು ಸಿಕ್ಕಿದ್ದು ಆಮೇಲೆ. ತೊಂಬತ್ತರ ಆಸುಪಾಸಿನಲ್ಲಿ ಅವರಿಗೆ ಗ್ರ್ಯಾಮಿಯೂ ಬಂತು, ಬೇರೆ ಕಂಪನಿಯ ಆಲ್ಬಮ್ ಒಂದಕ್ಕೆ. ಆದರೆ ಅಷ್ಟು ವಯಸ್ಸಾದ, ಹೆಸರಿಲ್ಲದ ಮನೆಗೆಲಸದ ಹೆಂಗಸಿನ ಮೊದಲ ಆಲ್ಬಮನ್ನು 1958ರಲ್ಲಿ ಬೇರೆ ಯಾವ ಕಂಪನಿ ತರುತ್ತಿತ್ತು?

ಎಲಾ ಜೆಂಕಿನ್ಸ್ ಶಿಕಾಗೋದವರು. ಅವರ ಮೊದಲ ಆಲ್ಬಮ್ 1957ರಲ್ಲಿ ಫೋಕ್‌ವೇಸ್‌ನಿಂದಲೇ ಬಂತು. ಅವರ ಪದ್ಧತಿ ನಮಗೆ ಹೊಸದೇನಲ್ಲ. ಒಬ್ಬರು ಹೇಳುವುದು, ಎಲ್ಲರೂ ತಿರುಗಿ ಹೇಳುವುದು. ನಮ್ಮ ಸೋಬಾನೆ ಹಾಡುವವರು ಮಾಡುವುದೂ ಇದನ್ನೇ. ಮಕ್ಕಳಿಗೆ ಓದು ಬರಬೇಕಿಲ್ಲ, ಪುಸ್ತಕ ಬೇಕಿಲ್ಲ, ಕಿವಿ ಇದ್ದರೆ ಸಾಕು. ಫೋಕ್‌ವೇಸ್ ಪಟ್ಟಿಯಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇವರ ರೆಕಾರ್ಡುಗಳೇ. ಅವರು ನೂರು ವರ್ಷ ತುಂಬಿ, 2024ರ ನವೆಂಬರಿನಲ್ಲಿ ತೀರಿಕೊಂಡರು. ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಸುಮ್ನೆ ಒಂದು ಸಲ ಹಾಕಿ ನೋಡಿ. ಭಾಷೆ ಬರದಿದ್ದರೂ ತಿರುಗಿ ಹೇಳುತ್ತಾರೆ.

ಇನ್ನು ಕಪ್ಪೆಗಳು. 1958ರ ಆಲ್ಬಮ್. ಮಾಡಿದವರು ಚಾರ್ಲ್ಸ್ ಬೋಗರ್ಟ್, ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಕಪ್ಪೆ, ಹಾವು, ಹಲ್ಲಿಗಳ ತಜ್ಞ. ಉತ್ತರ ಅಮೆರಿಕದ 57 ಬಗೆಯ ಕಪ್ಪೆಗಳ ಕೂಗು ಅದರಲ್ಲಿದೆ. ನಡುನಡುವೆ ಬೋಗರ್ಟ್ ಅವರದೇ ವಿವರಣೆ. ಇದು ಹೆಣ್ಣನ್ನು ಕರೆಯುವ ಕೂಗು, ಇದು ಹಿಡಿದಾಗ ಬಿಡು ಅನ್ನುವ ಕೂಗು, ಇದು ಮಳೆ ಬರುವಾಗಿನದು ಅಂತ ಮೇಷ್ಟ್ರ ಹಾಗೆ ಹೇಳುತ್ತಾ ಹೋಗುತ್ತಾರೆ. ಮಲೆನಾಡಿನಲ್ಲಿ ಜೂನ್ ತಿಂಗಳ ರಾತ್ರಿ ಮಲಗಿದ್ದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಇಂಥವು ಫೋಕ್‌ವೇಸ್‌ನಲ್ಲಿ ಇನ್ನೂ ಇವೆ. ಉಗಿಬಂಡಿಯ ಸದ್ದು, ಆಫೀಸಿನ ಸದ್ದು, ಗುಜರಿ ಅಂಗಳದ ಸದ್ದು. ಟೋನಿ ಶ್ವಾರ್ಟ್ಝ್ ಎಂಬುವರು ತಮ್ಮದೇ ಅಂಚೆ ವಲಯದ ಬೀದಿಗಳಲ್ಲಿ ಟೇಪ್ ರೆಕಾರ್ಡರ್ ಹೊತ್ತು ತಿರುಗಿ 1954ರಲ್ಲಿ ‘ನ್ಯೂಯಾರ್ಕ್ 19’ ಎಂಬ ಆಲ್ಬಮ್ ಮಾಡಿದರು. ಪ್ರಪಂಚದ ಸದ್ದನ್ನೆಲ್ಲ ಹಿಡಿದಿಡುತ್ತೇನೆ ಎಂಬ ಮಾತನ್ನು ಆಶ್ ಅಕ್ಷರಶಃ ನಡೆಸಿಕೊಟ್ಟರು.

ಉಳಿದ ಪಟ್ಟಿಯ ಬಗ್ಗೆ ಬೇಗ ಹೇಳುತ್ತೇನೆ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಮಕ್ಕಳಿಗೆ ಹೇಳಿದ ಜಾಝ್ ಕಥೆ 1954ರಲ್ಲಿ ಬಂತು. ಸಂಗೀತ ರಚನೆಕಾರ ಹೆನ್ರಿ ಕೋವೆಲ್ ಆರಿಸಿದ ಪ್ರಪಂಚದ ಜನರ ಸಂಗೀತ ಹಲವು ಸಂಪುಟ. ಕಾಶಿಯಲ್ಲಿ ವರ್ಷಗಟ್ಟಲೆ ಇದ್ದ ಫ್ರೆಂಚ್ ವಿದ್ವಾಂಸ ಅಲೆನ್ ಡ್ಯಾನಿಯೆಲೊ ರೆಕಾರ್ಡ್ ಮಾಡಿದ ಭಾರತದ ಧಾರ್ಮಿಕ ಸಂಗೀತ 1952ರಲ್ಲಿ. ಅದೇ ಸೀಗರ್ ಮನೆತನದ ಗಾಯಕ ಪೀಟ್ ಸೀಗರ್ ಅವರ ಐವತ್ತಕ್ಕೂ ಜಾಸ್ತಿ ಆಲ್ಬಮ್. ಈ ಕೊನೆಯದಕ್ಕೆ ಒಂದು ಮಾತು ಸೇರಿಸಬೇಕು. 1955ರಲ್ಲಿ, ಕಮ್ಯುನಿಸ್ಟರು ಯಾರು ಅಂತ ವಿಚಾರಣೆ ಮಾಡುತ್ತಿದ್ದ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಉತ್ತರ ಕೊಡಲು ಒಪ್ಪದ ಸೀಗರ್ ಅವರಿಗೆ ಟಿವಿ, ರೇಡಿಯೊ, ದೊಡ್ಡ ವೇದಿಕೆಗಳ ಬಾಗಿಲು ಮುಚ್ಚಿತ್ತು. ಕೇಸು ನಡೆದು 1962ರಲ್ಲಿ ಬಿದ್ದುಹೋಗುವ ತನಕದ ಆ ವರ್ಷಗಳಲ್ಲಿ ಫೋಕ್‌ವೇಸ್ ಅವರ ಆಲ್ಬಮ್‌ಗಳನ್ನು ಒಂದರ ಹಿಂದೊಂದು ತರುತ್ತಲೇ ಇತ್ತು.

ದುಡ್ಡಿನ ವಿಚಾರದಲ್ಲಿ ಆಶ್ ಅಷ್ಟು ಒಳ್ಳೆಯ ಹೆಸರು ಉಳಿಸಿಕೊಳ್ಳಲಿಲ್ಲ. ಕಲಾವಿದರ ಕೈಗೆ ಮುಂಗಡ ಅಂತ ಸಣ್ಣ ಮೊತ್ತ ಕೊಡುತ್ತಿದ್ದರು. ಆಮೇಲೆ ರಾಯಲ್ಟಿಗೆ ಅಲೆಸುತ್ತಿದ್ದರು ಎಂಬ ದೂರು ಬಹಳ ಜನರದ್ದು. ಆ ದೂರು ನ್ಯಾಯವಾದದ್ದೇ. ಕಂಪನಿ ಯಾವಾಗಲೂ ಅಂಚಿನಲ್ಲೇ ನಡೆಯುತ್ತಿತ್ತು ಎನ್ನುವುದು ಕಾರಣವಾಗಬಹುದು. ಆದರೆ ಹಾಡಿದವರ ಮನೆಯ ಒಲೆಯೂ ಉರಿಯಬೇಕಲ್ಲ.

ಈಗಲೂ ಇದೆಯಾ ಅಂತ ಕೇಳಿದ್ದೀರಿ. ಇದೆ. ವಯಸ್ಸಾದ ಮೇಲೆ ಆಶ್ ಕಂಪನಿಯನ್ನು ಒಪ್ಪಿಸಲು ಜಾಗ ಹುಡುಕಿದರು. ಒಂದೇ ಷರತ್ತು, ಎಲ್ಲ 2,168 ಆಲ್ಬಮ್‌ಗಳೂ ಸಿಗುತ್ತಲೇ ಇರಬೇಕು. ಅಮೆರಿಕದ ರಾಷ್ಟ್ರೀಯ ಮ್ಯೂಸಿಯಮ್ಮುಗಳನ್ನು ನಡೆಸುವ, ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆ ಒಪ್ಪಿತು. ಅಲ್ಲಿ ಇದಕ್ಕಾಗಿ ಓಡಾಡಿದವರು ರಾಲ್ಫ್ ರಿಂಜ್ಲರ್. ಇವರೂ ಫೋಕ್‌ವೇಸ್ ಬಳಗದವರೇ. ಹ್ಯಾರಿ ಸ್ಮಿತ್ ಸಂಕಲನದಲ್ಲಿದ್ದ ಕ್ಲಾರೆನ್ಸ್ ಆಶ್ಲಿ ಎಂಬ ಹಳೇ ಗಾಯಕರನ್ನು 1960ರಲ್ಲಿ ಪತ್ತೆ ಮಾಡಿ, ಅವರ ಮೂಲಕ ಡಾಕ್ ವಾಟ್ಸನ್ ಎಂಬ ಕುರುಡ ಗಿಟಾರ್ ಪ್ರತಿಭೆಯನ್ನು ಹೊರತಂದವರು. ಮಾತುಕತೆ ನಡೆಯುತ್ತಿದ್ದಾಗಲೇ, 1986ರ ಅಕ್ಟೋಬರಿನಲ್ಲಿ ಆಶ್ ತೀರಿಕೊಂಡರು. 1987ರಲ್ಲಿ ಮನೆಯವರು ಒಪ್ಪಂದ ಮುಗಿಸಿದರು. ಖರ್ಚಿಗೆ ನೆರವಾಗಲು 1988ರಲ್ಲಿ ಬಾಬ್ ಡಿಲನ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮುಂತಾದವರು ಗತ್ರಿ ಮತ್ತು ಲೆಡ್ ಬೆಲ್ಲಿ ಹಾಡುಗಳನ್ನು ಹಾಡಿ ಒಂದು ಆಲ್ಬಮ್ ಮಾಡಿದರು.

ಷರತ್ತನ್ನು ಸ್ಮಿತ್ಸೋನಿಯನ್ ಇವತ್ತಿಗೂ ಪಾಲಿಸುತ್ತಿದೆ. ಮೊದಲು ಕೇಳಿದವರಿಗೆ ಒಂದೊಂದೇ ಕ್ಯಾಸೆಟ್ ಮಾಡಿ ಕಳಿಸುತ್ತಿದ್ದರು. ಆಮೇಲೆ ಸಿಡಿ. ಈಗ ಡೌನ್‌ಲೋಡ್. ಹಳೇ ಪುಸ್ತಿಕೆಗಳನ್ನು ಉಚಿತವಾಗಿಯೇ ಇಳಿಸಿಕೊಳ್ಳಬಹುದು. ನಿಮ್ಮ ರೆಕಾರ್ಡಿನ ಪುಸ್ತಿಕೆ ಕಳೆದಿದ್ದರೆ ಚಿಂತೆ ಬೇಡ. ಮುಂದೆ ಬೇರೆ ಪುಟ್ಟ ಕಂಪನಿಗಳ ಭಂಡಾರಗಳೂ ಅಲ್ಲಿಗೆ ಸೇರಿದವು, 2016ರಲ್ಲಿ ಆರ್ಹೂಲಿ ಸೇರಿದ ಹಾಗೆ. ಆಶ್ ಬಿಟ್ಟುಹೋದ ಮೂಲ ಪ್ಲೇಟುಗಳನ್ನು ಟೇಪಿಗೆ ಇಳಿಸುವಾಗ 90ರ ದಶಕದಲ್ಲಿ ಒಂದು ಅಚ್ಚರಿ ಸಿಕ್ಕಿತು. ‘ದಿಸ್ ಲ್ಯಾಂಡ್’ ಹಾಡಿನಲ್ಲಿ ಖಾಸಗಿ ಆಸ್ತಿ ಎಂಬ ಬೋರ್ಡಿನ ಬಗ್ಗೆ ಒಂದು ನುಡಿ ಇತ್ತು ಎನ್ನುವುದು ಗೊತ್ತಿತ್ತು. ಆದರೆ ಗತ್ರಿ ಅದನ್ನು ಹಾಡಿದ ರೆಕಾರ್ಡು ಇದೆ ಅಂತ ಯಾರೂ ಅಂದುಕೊಂಡಿರಲಿಲ್ಲ. 1944ರ ಪ್ಲೇಟೊಂದರಲ್ಲಿ ಅದು ಹಾಗೇ ಕೂತಿತ್ತು. 1997ರಲ್ಲಿ ಹೊರಗೆ ಬಂತು.

ನಾನು ಇದನ್ನೆಲ್ಲ ಇಷ್ಟು ಉದ್ದ ಬರೆಯುವುದಕ್ಕೆ ಒಂದು ಕಾರಣ ಇದೆ. ಕೆಲವು ವರ್ಷದ ಹಿಂದೆ ಹಳೇ ಮೈಸೂರು ಕಡೆಯ ಒಂದು ಊರಿನಲ್ಲಿ, 80ರ ದಶಕದಲ್ಲಿ ಬಂದಿದ್ದ ಒಂದು ಸೋಬಾನೆ ಪದಗಳ ಕ್ಯಾಸೆಟ್ ಹುಡುಕಿಕೊಂಡು ಹೋಗಿದ್ದೆ. ಜಾತ್ರೆಯಲ್ಲಿ ಮಾರುತ್ತಿದ್ದದ್ದು. ಅದನ್ನು ತಂದ ಕಂಪನಿ ಮುಚ್ಚಿ ಬಹಳ ಕಾಲವಾಗಿತ್ತು. ಮೂಲ ಟೇಪುಗಳು ಗೋಡೌನ್ ಖಾಲಿ ಮಾಡುವಾಗ ತೂಕಕ್ಕೆ ಹೋದವು ಅಂದರು. ಕೊನೆಗೆ ಒಬ್ಬರ ಮನೆಯಲ್ಲಿ ಒಂದು ಪ್ರತಿ ಸಿಕ್ಕಿತು. ಒಳಗಿನ ಚೀಟಿಯಲ್ಲಿ ‘ಮತ್ತು ಸಂಗಡಿಗರು’ ಅಂತ ಮಾತ್ರ ಇತ್ತು. ಆ ಐದಾರು ಹೆಂಗಸರ ಹೆಸರು ಎಲ್ಲಿಯೂ ಇಲ್ಲ. ಅವರ ದನಿ ನನ್ನ ಹತ್ತಿರ ಇದೆ, ಅವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಆಶ್ ಅವರ ಆ ಪಿನ್ ಹೊಡೆದ ಹಾಳೆಗಳ ಬೆಲೆ ನನಗೆ ಅವತ್ತು ತಿಳಿಯಿತು.

ಹಾಗಾಗಿ ಕೊಡಬೇಡಿ, ಇಟ್ಟುಕೊಳ್ಳಿ. ಕೊಡಲೇಬೇಕು ಅಂದರೆ ಪುಸ್ತಿಕೆಯ ಸಮೇತ, ಕೇಳುವವರಿಗೇ ಕೊಡಿ. ರೆಕಾರ್ಡುಗಳನ್ನು ಒಂದರ ಮೇಲೊಂದು ಮಲಗಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಮಳೆಗಾಲದಲ್ಲಿ ಆ ರಟ್ಟಿಗೆ ಬೂಸಲು ಬೇಗ ಹಿಡಿಯುತ್ತದೆ, ಗೋಡೆಗೆ ತಾಗದ ಹಾಗೆ ಇಡಿ. ಅಂಟಿಸಿದ ಕಾಗದ ಎದ್ದಿದ್ದರೆ ಸೆಲ್ಲೋಟೇಪ್ ಹಾಕಬೇಡಿ, ಕೆಲವೇ ವರ್ಷದಲ್ಲಿ ಅದು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಹಾಕುವ ಮೊದಲು ಮೆತ್ತನೆ ಒಣ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಧೂಳು ಒರೆಸಿ. ಪ್ಲೇಯರ್‌ನ ಮುಳ್ಳು ಹಳೆಯದಾಗಿದ್ದರೆ ಹೊಸದು ಹಾಕಿಸಿ.

ಕೇಳುವುದನ್ನು ಕಾಟನ್ ಅವರಿಂದ ಶುರು ಮಾಡಿ, ರಾತ್ರಿ ಊಟ ಆದ ಮೇಲೆ. ಸಂಕಲನವನ್ನು ಒಂದೇ ಸಲಕ್ಕೆ ಕೇಳಬೇಡಿ, ದಿನಕ್ಕೆ ಒಂದು ಬದಿ ಸಾಕು, ಪುಸ್ತಿಕೆ ತೊಡೆ ಮೇಲಿರಲಿ. ಕಪ್ಪೆಗಳನ್ನು ಮೊದಲ ಮಳೆ ಬೀಳುವ ತನಕ ಇಟ್ಟುಕೊಳ್ಳಿ. ಆಮೇಲೆ ಪುಸ್ತಿಕೆಗಳ ಅಂಚಿನಲ್ಲಿ ನಿಮ್ಮ ದೊಡ್ಡಪ್ಪ ಪೆನ್ಸಿಲ್ಲಿನಲ್ಲಿ ಏನಾದರೂ ಬರೆದಿದ್ದಾರಾ ನೋಡಿ. ಬರೆದಿದ್ದರೆ ನನಗೂ ತಿಳಿಸಿ.